ಪುಟಿದ ವಿಮಾನವನ್ನು ಕೆಳಗೆ ಒತ್ತಬೇಡಿ

ನನ್ನ ಲಾಗ್‌ಬುಕ್ಕಿನಲ್ಲಿ ಆಗ 31 ಗಂಟೆ. ಒಬ್ಬಳೇ ಹಾರಿದ್ದು ಅದು ನಾಲ್ಕನೇ ಸಲ. ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡೂವರೆ, ಸೆಸ್ನಾ 172 ಅನ್ನುವ ಚಿಕ್ಕ ವಿಮಾನ. ಮೊದಲ ಎರಡು ಲ್ಯಾಂಡಿಂಗ್ ಚೆನ್ನಾಗಿಯೇ ಬಂದಿದ್ದವು. ಮೂರನೆಯದರಲ್ಲಿ ವಿಮಾನ ನೆಲಕ್ಕೆ ತಾಗಿ ಪುಟಿಯಿತು. ನಾನು ಯೋಕನ್ನು, ಅಂದರೆ ಮೂಗು ಏರಿಸಿ ಇಳಿಸುವ ಹಿಡಿಯನ್ನು, ಮುಂದಕ್ಕೆ ಒತ್ತಿದೆ. ಮುಂದಿನ ಚಕ್ರ ನೆಲಕ್ಕೆ ಬಡಿದು ಇನ್ನೂ ಎತ್ತರಕ್ಕೆ ಪುಟಿಯಿತು. ಮತ್ತೆ ಒತ್ತಿದೆ. ಮೂರನೇ ಸಲ ಬಂದ ಸದ್ದು ಅಟ್ಟದಿಂದ ಹಿತ್ತಾಳೆ ಹಂಡೆ ಬಿದ್ದ ಹಾಗಿತ್ತು. ಆಮೇಲೆ ಒಂದು ಥರದ ಮೌನ. ಪ್ರೊಪೆಲ್ಲರಿನ ತುದಿಗಳು ಒಣಗಿದ ಬಾಳೆ ಎಲೆಯ ಹಾಗೆ ಸುರುಟಿಕೊಂಡಿದ್ದವು. ಮುಂದಿನ ಚಕ್ರದ ಕಾಲು ಹಿಂದಕ್ಕೆ ಮಡಚಿ, ವಿಮಾನ ಮೂಗು ನೆಲಕ್ಕೆ ಊರಿ ಕೂತಿತ್ತು.

ಮೊದಲ ಪುಟಿತದಿಂದ ಆ ಸದ್ದಿನವರೆಗೆ ಆರೇಳು ಸೆಕೆಂಡು ಇರಬಹುದು, ಅಷ್ಟೇ.

ಈಗ ನಾನೇ ಪಕ್ಕದ ಸೀಟಿನಲ್ಲಿ ಕೂತು ಕಲಿಸುತ್ತೇನೆ. ಆ ಆರೇಳು ಸೆಕೆಂಡನ್ನು ನನ್ನ ವಿದ್ಯಾರ್ಥಿಗಳ ಮುಂದೆ ಎಷ್ಟು ಸಲ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಸೋಲೋ (ಒಬ್ಬರೇ ಹಾರುವುದು) ಹತ್ತಿರ ಇರುವವರು ಮತ್ತು ಈಗಷ್ಟೇ ಸೋಲೋ ಆದವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಇಲ್ಲಿ ಕೊಡುವ ಅಂಕಿಗಳೆಲ್ಲ 172ರ ಎಸ್ ಮಾದರಿಯವು. ನೀವು ಹಾರಿಸುವುದು ಬೇರೆ ವಿಮಾನವಾದರೆ ಅದರ ಹ್ಯಾಂಡ್‌ಬುಕ್ ತೆಗೆದು ನಿಮ್ಮ ಅಂಕಿ ಬರೆದಿಟ್ಟುಕೊಳ್ಳಿ. ನನ್ನ ಮಾತಿಗೂ ಹ್ಯಾಂಡ್‌ಬುಕ್ಕಿಗೂ ಜಗಳ ಬಂದರೆ ಹ್ಯಾಂಡ್‌ಬುಕ್ಕೇ ಗೆಲ್ಲಬೇಕು.

ತಪ್ಪು ಶುರುವಾಗಿದ್ದು ಫೈನಲ್‌ನಲ್ಲಿ

ಫೈನಲ್ ಅಂದರೆ ರನ್‌ವೇಗೆ ನೆಟ್ಟಗೆ ಇಳಿದು ಬರುವ ಕೊನೆಯ ಹಾದಿ. ಫ್ಲ್ಯಾಪ್ ಅಂದರೆ ನಿಧಾನವಾಗಿ ಹಾರಲು ರೆಕ್ಕೆಯ ಹಿಂದಂಚಿನಿಂದ ಇಳಿಸುವ ಪಟ್ಟಿ. ಪೂರ್ತಿ ಫ್ಲ್ಯಾಪ್, ಅಂದರೆ 30 ಡಿಗ್ರಿ ಹಾಕಿದಾಗ ಫೈನಲ್‌ನಲ್ಲಿ 60ರಿಂದ 70 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇರಲಿ ಎನ್ನುತ್ತದೆ ಹ್ಯಾಂಡ್‌ಬುಕ್. ನಾನು 65 ಹಿಡಿಸುತ್ತೇನೆ. ಆ ದಿನ ನನ್ನ ವೇಗದ ಮಾಪಕದ ಮುಳ್ಳು 75ರ ಮೇಲಿತ್ತು. ಕಾರಣ ಬೇರೇನಿಲ್ಲ, ಹೆದರಿಕೆ. ಪಕ್ಕದಲ್ಲಿ ಸರ್ ಇಲ್ಲ, ವೇಗ ಸಾಲದೆ ರೆಕ್ಕೆಯ ಎತ್ತುವ ಬಲ ಹೋಗಿ ಸ್ಟಾಲ್ ಆದರೆ ಏನು ಗತಿ, ಸ್ವಲ್ಪ ಜಾಸ್ತಿಯೇ ಇರಲಿ ಅಂದುಕೊಂಡೆ. ವೇಗ ಅಂದರೆ ಬ್ಯಾಂಕಿನಲ್ಲಿರುವ ದುಡ್ಡು, ಜಾಸ್ತಿ ಇದ್ದಷ್ಟೂ ನೆಮ್ಮದಿ ಅಂತ ಅನಿಸುತ್ತದೆ ಆ ವಯಸ್ಸಿನಲ್ಲಿ.

ಆದರೆ ಈ ದುಡ್ಡನ್ನು ರನ್‌ವೇ ಮೇಲೆ ಖರ್ಚು ಮಾಡಲೇಬೇಕು. ಚಲನೆಯ ಶಕ್ತಿ ವೇಗದ ವರ್ಗದ ಹಾಗೆ ಏರುತ್ತದೆ. 65ರ ಬದಲು 75ರಲ್ಲಿ ಬಂದರೆ ವೇಗ ಹೆಚ್ಚಿದ್ದು ನೂರಕ್ಕೆ 15, ಶಕ್ತಿ ಹೆಚ್ಚಿದ್ದು ನೂರಕ್ಕೆ 33. ಬರೀ ಹತ್ತು ನಾಟ್‌ಗೆ ಮೂರನೇ ಒಂದು ಪಾಲು ಹೆಚ್ಚು! 172ರ ರೆಕ್ಕೆಯ ತುದಿಯಿಂದ ತುದಿಗೆ 36 ಅಡಿ. ನೆಲದಿಂದ ಅಷ್ಟು ಎತ್ತರದೊಳಗೆ ಬಂದರೆ ರೆಕ್ಕೆಯ ಮೇಲಿನ ಎಳೆತ ಕಡಿಮೆಯಾಗುತ್ತದೆ, ಕೆಳಗಿಳಿದಷ್ಟೂ ಇನ್ನೂ ಕಡಿಮೆ. ನಾವು ಗ್ರೌಂಡ್ ಎಫೆಕ್ಟ್ ಅನ್ನುವುದು ಇದನ್ನೇ. ಹಾಗಾಗಿ ಹೆಚ್ಚು ವೇಗದಲ್ಲಿ ಬಂದ ವಿಮಾನ ನೆಲದ ಮೇಲೆ ತೇಲುತ್ತಾ ಹೋಗುತ್ತದೆ. ಕೂರುವುದೇ ಇಲ್ಲ. ರನ್‌ವೇ ಮುಗಿಯುತ್ತಾ ಬರುತ್ತದೆ, ಕಲಿಯುವವರಿಗೆ ತಾಳ್ಮೆ ತಪ್ಪುತ್ತದೆ, ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ವಿಮಾನವನ್ನು ಬಲವಂತವಾಗಿ ಇಳಿಸಿಬಿಡುತ್ತಾರೆ.

ಹಾಗೆ ಇಳಿಸಿದಾಗ ಮೊದಲು ತಾಗುವುದು ಮುಂದಿನ ಚಕ್ರ. ಅದು ವಿಮಾನದ ಭಾರ ಹೊರಲು ಮಾಡಿದ್ದಲ್ಲ. ಅದು ತಾಗಿದ ಕೂಡಲೇ ಮೂಗು ಮೇಲಕ್ಕೆ ಚಿಮ್ಮುತ್ತದೆ. ಮೂಗು ಎದ್ದರೆ ರೆಕ್ಕೆ ಗಾಳಿಗೆ ಒಡ್ಡುವ ಕೋನ ಹೆಚ್ಚುತ್ತದೆ. ವೇಗ ಇನ್ನೂ ಬೇಕಾದಷ್ಟಿದೆ. ವಿಮಾನ ಮತ್ತೆ ಹಾರುತ್ತದೆ. ಪುಟಿತ ಅಂದರೆ ಚೆಂಡು ಪುಟಿದ ಹಾಗೆ ಚಕ್ರದ ರಬ್ಬರಿನ ಆಟ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ರಬ್ಬರಿನ ಪಾಲು ಸ್ವಲ್ಪ. ಬಹುಪಾಲು ಅದು ನಿಮಗೆ ಗೊತ್ತಿಲ್ಲದೆ ನಡೆದ ಇನ್ನೊಂದು ಟೇಕಾಫ್.

ಹೆದರುವವರಿಗೆ ಒಂದು ಮಾತು. ಪೂರ್ತಿ ಫ್ಲ್ಯಾಪ್ ಇದ್ದಾಗ ಈ ವಿಮಾನ ಸ್ಟಾಲ್ ಆಗುವುದು ಮಾಪಕದಲ್ಲಿ ಸುಮಾರು 40ಕ್ಕೆ. ಮಾಪಕದ ಬಿಳಿ ಕಮಾನಿನ ಕೆಳತುದಿ ಅದೇ. 65ರಲ್ಲಿ ಹೆದರಿಕೆಯ ಪಾಲನ್ನು ಆಗಲೇ ಸೇರಿಸಿದ್ದಾರೆ. ನೀವು ಮತ್ತೆ ಸೇರಿಸಬೇಡಿ. ಸೇರಿಸಬೇಕಾದದ್ದು ಗಾಳಿ ಬೀಸಿ ಬೀಸಿ ಬರುವಾಗ ಮಾತ್ರ. ಗಾಳಿ 10 ನಾಟ್, ನಡುನಡುವೆ 18 ಅಂತ ಟವರ್ ಹೇಳಿದರೆ ವ್ಯತ್ಯಾಸ 8, ಅದರ ಅರ್ಧ 4. 65ಕ್ಕೆ 4 ಸೇರಿಸಿ 69. ಲೆಕ್ಕ ಹಾಕಿ ಸೇರಿಸಿ, ಅಂದಾಜಿಗೆ ಬೇಡ.

ನಮ್ಮ ಬೇಸಿಗೆ, ನಮ್ಮ ಎತ್ತರ

ಇದನ್ನು ಕರಾವಳಿಯಲ್ಲೋ ಫ್ಲಾರಿಡಾದಲ್ಲೋ ಕಲಿತು ಬಂದವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಬೇಸಿಗೆ ಮಧ್ಯಾಹ್ನ 35 ಡಿಗ್ರಿ ಆದರೆ ಅಲ್ಲಿನ ಗಾಳಿ 6000 ಅಡಿ ಎತ್ತರದ ಗಾಳಿಯಷ್ಟು ತೆಳು. ಮಾಪಕ 65 ತೋರಿಸುವಾಗ ನಿಜವಾದ ವೇಗ 71ರ ಹತ್ತಿರ ಇರುತ್ತದೆ. ಕಿಟಕಿಯಿಂದ ನೋಡಿದರೆ ನೆಲ ಜೋರಾಗಿ ಓಡುತ್ತಿರುವ ಹಾಗೆ ಕಾಣುತ್ತದೆ. ಕಣ್ಣನ್ನು ನಂಬಿ ವೇಗ ಇಳಿಸಬೇಡಿ. ಮಾಪಕದ 65 ಎಲ್ಲಿದ್ದರೂ 65, ಏಕೆಂದರೆ ಆ ಮುಳ್ಳನ್ನೂ ರೆಕ್ಕೆಯನ್ನೂ ತಳ್ಳುವುದು ಒಂದೇ ಗಾಳಿ. ಬದಲಾಗುವುದು ಎರಡು. ರನ್‌ವೇ ಜಾಸ್ತಿ ಬೇಕು, ಮತ್ತು ಗೋ ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು, ಮಾಡಿದರೆ ವಿಮಾನ ಮೈಗಳ್ಳ ಎತ್ತಿನ ಹಾಗೆ ನಿಧಾನವಾಗಿ ಏರುತ್ತದೆ. ಎರಡನೆಯದನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಕಣ್ಣು ಎಲ್ಲಿ, ಕೈ ಎಲ್ಲಿ

ಫೈನಲ್‌ನಲ್ಲಿ ಗಾಜಿನ ಮೇಲೆ ಅಲುಗದೆ ನಿಂತಿರುವ ಒಂದು ಜಾಗ ರನ್‌ವೇಯಲ್ಲಿ ಕಾಣುತ್ತದೆ. ನೀವು ಹೋಗುತ್ತಿರುವುದು ಅಲ್ಲಿಗೇ. ಆ ಜಾಗ ಮೇಲಕ್ಕೆ ಜಾರುತ್ತಿದ್ದರೆ ನೀವು ಅದಕ್ಕಿಂತ ಮುಂಚೆಯೇ ನೆಲ ಸೇರುತ್ತೀರಿ. ಕೆಳಕ್ಕೆ ಜಾರುತ್ತಿದ್ದರೆ ದಾಟಿ ಹೋಗುತ್ತೀರಿ. ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕು ಅನ್ನುವ ಅಂದಾಜು ಸಿಗುತ್ತದೆ. 65ಕ್ಕೆ 325.

ನನ್ನ ವಿದ್ಯಾರ್ಥಿಗಳಿಗೆ ನೆಲದಿಂದ 200 ಅಡಿಯಲ್ಲಿ ಒಂದು ಗೇಟು. ವೇಗ ಸರಿ ಇದೆಯಾ, ಮೂಗು ನಡುಗೆರೆಯ ಮೇಲಿದೆಯಾ, ಇಳಿತ ಹದವಾಗಿದೆಯಾ. ಬಾಯಿ ಬಿಟ್ಟು ಹೇಳಬೇಕು. ಒಂದಕ್ಕೆ ಇಲ್ಲ ಅಂತ ಉತ್ತರ ಬಂದರೂ ಗೋ ಅರೌಂಡ್. ನೋಡೋಣ, ಸರಿಹೋಗಬಹುದು ಅನ್ನುವುದಕ್ಕೆ ಜಾಗವಿಲ್ಲ. ಆ ಏಪ್ರಿಲ್ ಮಧ್ಯಾಹ್ನ ನನಗೆ ಈ ಗೇಟು ಇದ್ದಿದ್ದರೆ 76 ನೋಡಿ ಅಲ್ಲೇ ಮೇಲೆ ಹೋಗಿರುತ್ತಿದ್ದೆ, ಈ ಬರಹವೂ ಇರುತ್ತಿರಲಿಲ್ಲ.

ಫ್ಲೇರ್, ಅಂದರೆ ಇಳಿತ ನಿಧಾನವಾಗಲು ಮೂಗು ಮೆಲ್ಲಗೆ ಎತ್ತುವುದು, ಶುರು ಮಾಡುವುದು 10ರಿಂದ 20 ಅಡಿ ಎತ್ತರದಲ್ಲಿ. ಅಡಿ ಲೆಕ್ಕ ತಲೆಗೆ ಹತ್ತದಿದ್ದರೆ ಒಂದಂತಸ್ತಿನ ಮನೆಯ ತಾರಸಿಗಿಂತ ಸ್ವಲ್ಪ ಮೇಲೆ ಅಂದುಕೊಳ್ಳಿ. ಮೂಗಿನ ಮುಂದಿನ ಡಾಂಬರು ನೋಡಬೇಡಿ. ಅದು ಮಸುಕಾಗಿ ಓಡುತ್ತಿರುತ್ತದೆ, ಎತ್ತರ ತಿಳಿಯುವುದಿಲ್ಲ. ತೀರಾ ದೂರವೂ ಬೇಡ. ದೃಷ್ಟಿಯನ್ನು ನಿಧಾನವಾಗಿ ರನ್‌ವೇಯ ಆ ಕೊನೆಯ ಕಡೆಗೆ ಸಾಗಿಸಿ. ರಸ್ತೆಯ ಗುಂಡಿಯನ್ನು ಮಾತ್ರ ನೋಡುತ್ತಾ ಸೈಕಲ್ ಹೊಡೆದರೆ ಗುಂಡಿಗೇ ಬೀಳುತ್ತೇವೆ ಅಲ್ವಾ, ಹಾಗೆ.

ರನ್‌ವೇಯ ಅಗಲ ಮೋಸ ಮಾಡುತ್ತದೆ. ಕಿರಿದಾದ ರನ್‌ವೇ ನೋಡಿ ಅಭ್ಯಾಸವಾದವರು ದೊಡ್ಡ ನಿಲ್ದಾಣದ 45 ಮೀಟರ್ ಅಗಲದ ರನ್‌ವೇಗೆ ಹೋದಾಗ, ಎತ್ತರದಲ್ಲಿದ್ದಾಗಲೇ ನೆಲ ಬಂದುಬಿಟ್ಟಿತು ಅನಿಸಿ ಮೂಗು ಎತ್ತಿಬಿಡುತ್ತಾರೆ. ಆಮೇಲೆ ವಿಮಾನ ದೊಪ್ಪನೆ ಬೀಳುತ್ತದೆ. ಅಗಲದಿಂದ ಕಿರಿದಕ್ಕೆ ಬಂದವರದ್ದು ಇದರ ತಿರುಗುಮುರುಗು. ಅವರು ತಡವಾಗಿ ಎತ್ತುತ್ತಾರೆ, ಮುಂದಿನ ಚಕ್ರ ಮೊದಲು ತಾಗುತ್ತದೆ.

ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಮುಚ್ಚಿದ ಮೇಲೆ ಒಂದೇ ಕೆಲಸ. ವಿಮಾನ ಕೂರಲು ಹೊರಟಾಗಲೆಲ್ಲ ಯೋಕನ್ನು ಇಷ್ಟಿಷ್ಟೇ ಹಿಂದಕ್ಕೆ ಎಳೆದು, ಬೇಡ, ಈಗಲೇ ಕೂರಬೇಡ ಅನ್ನುತ್ತಿರಬೇಕು. ಹಿಂದಕ್ಕೆ ಬಂದ ಕೈ ಮತ್ತೆ ಮುಂದಕ್ಕೆ ಹೋಗಬಾರದು. ಎಳೆದದ್ದು ಜಾಸ್ತಿಯಾಗಿ ವಿಮಾನ ಉಬ್ಬಿ ಮೇಲೆದ್ದರೆ ಎಳೆಯುವುದನ್ನು ನಿಲ್ಲಿಸಿ, ಅಲ್ಲೇ ಹಿಡಿದಿರಿ. ವೇಗ ಸೋತು ಅದೇ ಇಳಿಯುತ್ತದೆ. ಕೊನೆಗೆ ಹಿಂದಿನ ಎರಡು ಚಕ್ರ ಮೊದಲು ತಾಗುತ್ತವೆ. ತಾಗಿದ ಮೇಲೂ ಕೈ ಹಿಂದೆಯೇ ಇರಲಿ, ಮುಂದಿನ ಚಕ್ರ ತಾನಾಗಿ ಇಳಿಯಲಿ.

ಇಷ್ಟಾದರೂ ಪುಟಿಯಿತು. ಈಗ?

ಎಲ್ಲರಿಗೂ ಪುಟಿಯುತ್ತದೆ. ಕಳೆದ ತಿಂಗಳು ನನಗೇ ಪುಟಿಯಿತು, ಪಕ್ಕದಲ್ಲಿದ್ದ ಹುಡುಗ ನಗು ತಡೆದುಕೊಂಡಿದ್ದು ಗೊತ್ತಾಯಿತು. ಪುಟಿತದಿಂದ ವಿಮಾನ ಮುರಿಯುವುದು ಅಪರೂಪ. ಅದಕ್ಕೆ ನಾವು ಮಾಡುವ ಮದ್ದಿನಿಂದಲೇ ಮುರಿಯುವುದು ಜಾಸ್ತಿ.

ನೆಲ ದೂರವಾಗುತ್ತಿದ್ದರೆ, ಮೂಗು ಆಕಾಶ ನೋಡುತ್ತಿದ್ದರೆ, ಮುಂದಕ್ಕೆ ಒತ್ತು ಅಂತ ಮೈಯೆಲ್ಲ ಕೂಗುತ್ತದೆ. ಒತ್ತಿದರೆ ಏನಾಗುತ್ತದೆ ನೋಡಿ. ನಿಮ್ಮ ಕೈ ಕೆಲಸ ಮಾಡುವಷ್ಟರಲ್ಲಿ ವಿಮಾನ ತಾನಾಗಿಯೇ ಮೂಗು ಇಳಿಸಲು ಶುರು ಮಾಡಿರುತ್ತದೆ. ನಿಮ್ಮ ಒತ್ತು ಅದಕ್ಕೆ ಸೇರಿ ಮುಂದಿನ ಚಕ್ರ ಇನ್ನೂ ಜೋರಾಗಿ ಬಡಿಯುತ್ತದೆ. ಮತ್ತೆ ಮೂಗು ಮೇಲೆ, ನೀವು ಗಾಬರಿಯಿಂದ ಎಳೆಯುತ್ತೀರಿ, ಮತ್ತೆ ಒತ್ತುತ್ತೀರಿ. ಪ್ರತಿ ಸಲವೂ ಅರ್ಧ ಹೆಜ್ಜೆ ತಡ. ಜೋಕಾಲಿಯನ್ನು ನಿಲ್ಲಿಸಲು ಹೋಗಿ ತಪ್ಪು ಹೊತ್ತಿಗೆ ತಳ್ಳಿ ಇನ್ನೂ ಜೀಕಿದ ಹಾಗೆ. ಪೈಲಟ್‌ಗಳು ಇದನ್ನು ಪೋರ್ಪಸಿಂಗ್ ಅನ್ನುತ್ತಾರೆ. ಪೋರ್ಪಸ್ ಅಂದರೆ ನೀರಿನಿಂದ ಎದ್ದು ಮುಳುಗಿ ಎದ್ದು ಮುಳುಗಿ ಹೋಗುವ, ಡಾಲ್ಫಿನ್ನಿನ ಹತ್ತಿರದ ನೆಂಟನಂಥ ಪ್ರಾಣಿ. ಎರಡನೇ ಬಡಿತಕ್ಕೆ ಬದುಕಿದರೂ ಮೂರನೆಯದರಲ್ಲಿ ಮುಂದಿನ ಕಾಲೋ ಪ್ರೊಪೆಲ್ಲರೋ ಹೋಗುತ್ತದೆ ಅನ್ನುವುದು ನಮ್ಮಲ್ಲಿ ಹಳೇ ಮಾತು. ನನ್ನ ವಿಷಯದಲ್ಲಿ ಲೆಕ್ಕ ತಪ್ಪಲಿಲ್ಲ.

ಹಾಗಾದರೆ ಮಾಡಬೇಕಾದ್ದು ಏನು? ಪುಟಿತ ಚಿಕ್ಕದು, ಒಂದೆರಡು ಅಡಿ, ಮುಂದೆ ರನ್‌ವೇ ಇದೆ ಅಂದರೆ, ಲ್ಯಾಂಡಿಂಗ್‌ಗೆ ಮೂಗು ಎಷ್ಟು ಎತ್ತಿ ಹಿಡಿದಿದ್ದಿರೋ ಅಷ್ಟಕ್ಕೇ ತಂದು ಹಿಡಿಯಿರಿ. ಥ್ರಾಟಲ್ ಒಂದು ಚೂರು ಮುಂದಕ್ಕೆ, ಬೀಳುವುದು ಮೆತ್ತಗಾಗಲು. ಮತ್ತೆ ಮೊದಲಿನಂತೆಯೇ ಫ್ಲೇರ್. ಅದಕ್ಕಿಂತ ಎತ್ತರ ಪುಟಿದಿದ್ದರೆ, ಅಥವಾ ಚಿಕ್ಕದೋ ದೊಡ್ಡದೋ ಅನ್ನುವ ಅನುಮಾನ ಬಂದರೂ ಸಾಕು, ಥ್ರಾಟಲ್ ಪೂರ್ತಿ ಮುಂದಕ್ಕೆ. ಗೋ ಅರೌಂಡ್. ಎರಡನೇ ಪುಟಿತಕ್ಕೆ ಯೋಚನೆಯೇ ಬೇಡ, ಸೀದಾ ಮೇಲೆ. ನನ್ನ ಶಿಷ್ಯರು ಸೋಲೋಗೆ ಹೊರಡುವ ಮುಂಚೆ ನಾನು ಕೇಳುವ ಕೊನೇ ಪ್ರಶ್ನೆ ಇದೇ: ಪುಟಿದರೆ ಯಾವ ಕೈ ಮುಂದಕ್ಕೆ? ಬಲಗೈ ಅಂತ ತಡವರಿಸದೆ ಉತ್ತರ ಬರಬೇಕು. ಎಡ ಸೀಟಿನಲ್ಲಿ ಥ್ರಾಟಲ್ ಇರುವುದು ಬಲಗೈಯಲ್ಲಿ.

ಗೋ ಅರೌಂಡ್‌ನಲ್ಲಿ ಮಾತ್ರ ಒತ್ತಬೇಕು

ಇಲ್ಲಿಗೆ ಬಂದಾಗ ವಿದ್ಯಾರ್ಥಿಗಳಿಗೆ ಗೊಂದಲವಾಗುತ್ತದೆ. ಒತ್ತಬೇಡಿ ಅಂದವಳು ಈಗ ಒತ್ತಿ ಅನ್ನುತ್ತಿದ್ದೇನಲ್ಲ. ಕಾರಣ ಟ್ರಿಮ್, ಅಂದರೆ ಯೋಕ್ ಹಿಡಿಯದೆಯೂ ಮೂಗು ಒಂದೇ ಮಟ್ಟದಲ್ಲಿ ನಿಲ್ಲಲು ಮಾಡುವ ಹೊಂದಾಣಿಕೆ. ಫೈನಲ್‌ನಲ್ಲಿ ಕೈ ಬಿಟ್ಟರೂ 65 ನಿಲ್ಲುವ ಹಾಗೆ ಮೂಗು ಮೇಲಕ್ಕೆ ಟ್ರಿಮ್ ಮಾಡಿರುತ್ತೀರಿ. ಎಂಜಿನ್ ಆಗ ಹೆಚ್ಚು ಕಡಿಮೆ ಸುಮ್ನೆ ತಿರುಗುತ್ತಿರುತ್ತದೆ. ಈಗ ಒಮ್ಮೆಲೇ 180 ಅಶ್ವಶಕ್ತಿ ಕೊಟ್ಟರೆ ಮೂಗು ತಾನಾಗಿ ಮೇಲಕ್ಕೆ ಏಳುತ್ತದೆ, ಎಡಕ್ಕೂ ತಿರುಗುತ್ತದೆ. ಬಿಟ್ಟರೆ ವೇಗ ಸತ್ತು ಸ್ಟಾಲ್. ಹಾಗಾಗಿ ಥ್ರಾಟಲ್ ಜೊತೆಗೇ ಬಲಗಾಲು ರಡ್ಡರ್ ಪೆಡಲ್ ಮೇಲೆ, ಎಡಕ್ಕೆ ತಿರುಗದಂತೆ, ಎಡಗೈ ಯೋಕಿನ ಮೇಲೆ ಗಟ್ಟಿಯಾಗಿ, ಮೂಗು ಏಳದಂತೆ ತಡೆಯಲು. ನೆಲಕ್ಕೆ ತಳ್ಳಲು ಅಲ್ಲ, ಅಷ್ಟು ವ್ಯತ್ಯಾಸ ತಿಳಿದಿರಲಿ. ಎಷ್ಟು ಬಲ ಬೇಕಾಗುತ್ತದೆ ಅನ್ನುವುದು ಓದಿದರೆ ತಿಳಿಯದು. ನಿಮ್ಮ ಇನ್‌ಸ್ಟ್ರಕ್ಟರ್ ಜೊತೆ ನೆಲದಿಂದ 3000 ಅಡಿ ಮೇಲೆ ಹೋಗಿ, ಇದೇ ಟ್ರಿಮ್ ಇಟ್ಟು, ಪೂರ್ತಿ ಥ್ರಾಟಲ್ ಕೊಟ್ಟು ನೋಡಿ. ಮೊದಲ ಸಲ ಎಲ್ಲರೂ ಬೆಚ್ಚುತ್ತಾರೆ.

ಆಮೇಲೆ ಫ್ಲ್ಯಾಪ್. 30ರಿಂದ 20ಕ್ಕೆ ಕೂಡಲೇ ತನ್ನಿ. 60 ನಾಟ್‌ನಲ್ಲಿ ಏರಿ. ಮರಗಿಡ ದಾಟುವ ತನಕ 10. ಸಾಕಷ್ಟು ಎತ್ತರ ಸಿಕ್ಕಿ, ವೇಗ 65 ಬಂದ ಮೇಲೆ ಪೂರ್ತಿ ಮೇಲಕ್ಕೆ. ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ. ಒಂದೇ ಸಲ ಎತ್ತಿದರೆ ರೆಕ್ಕೆಯ ಎತ್ತುವ ಬಲ ಕಾಲ ಕೆಳಗಿನ ಚಾಪೆ ಎಳೆದ ಹಾಗೆ ಹೋಗುತ್ತದೆ.

2016ರ ಜೂನ್ 9ರಂದು ಅಮೆರಿಕದ ಹ್ಯೂಸ್ಟನ್‌ನಲ್ಲಿ ಆಗಿದ್ದು ಇದೇ. ಹಾಬಿ ವಿಮಾನ ನಿಲ್ದಾಣಕ್ಕೆ ಮೂವರಿದ್ದ ಚಿಕ್ಕ ವಿಮಾನ ಸಿರಸ್ ಎಸ್‌ಆರ್20 ಬಂದಿತ್ತು. ದೊಡ್ಡ ಜೆಟ್‌ಗಳ ನಡುವೆ ಜಾಗ ಹೊಂದಿಸುತ್ತಾ ಇಳಿಯಲಾಗದೆ ಒಂದಕ್ಕಿಂತ ಹೆಚ್ಚು ಸಲ ಗೋ ಅರೌಂಡ್ ಆಯಿತು. ಕೊನೆಯ ಸಲ ಸುರಕ್ಷಿತ ವೇಗ ಬರುವ ಮುಂಚೆಯೇ ಫ್ಲ್ಯಾಪ್ ಮೇಲೆ ಹೋಯಿತು. ವಿಮಾನ ಸ್ಟಾಲ್ ಆಗಿ, ಸುತ್ತುತ್ತಾ, ನಿಲ್ದಾಣದ ಹೊರಗಿನ ಒಂದು ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ಬಿತ್ತು. ಮೂವರೂ ತೀರಿಕೊಂಡರು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕೊಟ್ಟ ಕಾರಣ ಆ ಫ್ಲ್ಯಾಪೇ. ನನಗೆ ಅದನ್ನು ಓದಿದಾಗ ಅನಿಸಿದ್ದು, ಆ ಕಾಕ್‌ಪಿಟ್‌ನಲ್ಲಿ ಅದಾಗಲೇ ಎಷ್ಟು ದಣಿವು ತುಂಬಿತ್ತೋ ಅಂತ. ಟವರ್ ಮೇಲಿಂದ ಮೇಲೆ ಹೊಸ ಸೂಚನೆ ಕೊಡುತ್ತಿದ್ದರೆ, ಒಂದು ಸುತ್ತು ದೂರ ಹೋಗಿ ನೆಟ್ಟಗೆ ಹಾರಿ ಉಸಿರು ತೆಗೆದುಕೊಂಡು ಬರುತ್ತೇನೆ ಅಂತ ಕೇಳುವ ಹಕ್ಕು ನಿಮಗಿದೆ. ರೇಡಿಯೋಗೆ ಉತ್ತರ ಕೊಡುವುದು ಕೊನೇ ಕೆಲಸ. ಮೊದಲು ವಿಮಾನ ಹಾರಿಸಿ.

ಅಡ್ಡ ಗಾಳಿಯ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ, ಅದಕ್ಕೇ ಬೇರೆ ದಿನ ಬೇಕು. 172 ಪರೀಕ್ಷೆಯಲ್ಲಿ ತೋರಿಸಿಕೊಟ್ಟಿರುವುದು 15 ನಾಟ್ ಅಡ್ಡ ಗಾಳಿಯವರೆಗೆ. ಹತ್ತಾರು ಗಂಟೆಯ ವಿದ್ಯಾರ್ಥಿಗೆ ಅದರ ಅರ್ಧವೂ ಬೇಕಾದಷ್ಟಾಯಿತು.

ಮುರಿದೇ ಹೋದರೆ

ವಿಮಾನ ನಿಂತ ಮೇಲೆ ನಾನು ಸುಮಾರು ಹೊತ್ತು ಯೋಕ್ ಹಿಡಿದುಕೊಂಡು ಕೂತಿದ್ದೆ. ಹಾಗೆ ಮಾಡಬೇಡಿ. ಮಿಕ್ಸ್‌ಚರ್ ಹಿಡಿ ಹೊರಗೆಳೆದು ಎಂಜಿನ್ ನಿಲ್ಲಿಸಿ, ಇಂಧನ ಬಂದ್ ಮಾಡಿ, ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋ ಕೀಲಿ ಆಫ್. ಟವರ್‌ಗೆ ಒಂದು ಮಾತು ಹೇಳಲು ಆದರೆ ಹೇಳಿ, ಆಮೇಲೆ ಮಾಸ್ಟರ್ ಸ್ವಿಚ್ ಆಫ್. ಬೆಲ್ಟ್ ಬಿಚ್ಚಿ ಇಳಿದು, ಗಾಳಿ ಬರುವ ದಿಕ್ಕಿಗೆ ನಡೆದು ದೂರ ನಿಲ್ಲಿ. ಬ್ಯಾಗು, ಹೆಡ್‌ಸೆಟ್ ಅಂತ ವಾಪಸ್ ಹೋಗಬೇಡಿ. ಜೀವ ಉಳಿಸಲು ಹೊರತು ವಿಮಾನವನ್ನು ಯಾರೂ ಅಲುಗಿಸುವ ಹಾಗಿಲ್ಲ, ಹೇಳಿಕೆ ಪಡೆಯುವವರು ಬರುತ್ತಾರೆ. ಅಪಘಾತದ ತನಿಖೆ ಮತ್ತೆ ಹೀಗಾಗದಂತೆ ತಡೆಯಲು, ತಪ್ಪು ಹೊರಿಸಲು ಅಲ್ಲ ಅಂತ ನಮ್ಮ ನಿಯಮದಲ್ಲೇ ಬರೆದಿದೆ. ಆ ಸಂಜೆಯೇ ನೆನಪಿದ್ದದ್ದೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಮಾರನೇ ದಿನಕ್ಕೆ ಮನಸ್ಸು ತನಗೆ ಬೇಕಾದ ಹಾಗೆ ಕಥೆ ಕಟ್ಟಿರುತ್ತದೆ. ನಾನು 70ರಲ್ಲಿ ಬಂದೆ ಅಂತ ಎರಡು ದಿನ ನಂಬಿದ್ದೆ!

ಮುರಿಯದೆ ಜೋರಾಗಿ ಬಡಿದಿದ್ದರೂ ಹೇಳಲೇಬೇಕು. 172ರ ಮುಂದಿನ ಚಕ್ರದ ಕಾಲು ಎಂಜಿನ್ ಹಿಂದಿನ ಬೆಂಕಿ ತಡೆಯುವ ತಗಡಿನ ಗೋಡೆ, ಫೈರ್‌ವಾಲ್‌ಗೆ ಸೇರಿರುತ್ತದೆ. ಬಡಿತಕ್ಕೆ ಆ ತಗಡು ಒಳಗೇ ಸುಕ್ಕುಗಟ್ಟುತ್ತದೆ, ಹೊರಗೆ ಏನೂ ಕಾಣದೆ ಇರಬಹುದು. ನೀವು ಸುಮ್ಮನೆ ಕೀಲಿ ಕೊಟ್ಟು ಹೋದರೆ ಮುಂದಿನ ಸ್ಲಾಟಿನ ಹುಡುಗಿ ಅದರಲ್ಲಿ ಹಾರುತ್ತಾಳೆ. ಪ್ರೊಪೆಲ್ಲರ್ ನೆಲಕ್ಕೆ ತಾಗಿದ್ದರಂತೂ ಎಂಜಿನ್ ಬಿಚ್ಚಿ ನೋಡಲೇಬೇಕು, ಅದೃಷ್ಟವಂತೂ ಅದಕ್ಕೆ ಬದಲಿಯಲ್ಲ. ಬೆಳಗ್ಗೆ ಪ್ರೀಫ್ಲೈಟ್ (ಹಾರುವ ಮುಂಚಿನ ತಪಾಸಣೆ) ಮಾಡುವಾಗ ಕೌಲಿಂಗ್ (ಎಂಜಿನ್ ಮುಚ್ಚಳ) ಹಿಂದಿನ ಮೈಯ ಮೇಲೆ ಬೆರಳಾಡಿಸಿ, ಏರುತಗ್ಗು ಸಿಗುತ್ತದಾ ನೋಡಿ.

ಆ ದಿನ ಊರಿಗೆ ಫೋನ್ ಮಾಡಲು ನನಗೆ ಮೂರು ಗಂಟೆ ಬೇಕಾಯಿತು. ಅಪ್ಪನದು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಈ ಟ್ರೈನಿಂಗ್‌ಗೆ ತೋಟದ ಮೇಲೆ ಸಾಲ ತೆಗೆದಿದ್ದರು. ವಿಮಾನ ಮುರಿದೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಂಡಿಯ ಗಲಾಟೆ ಬಿಟ್ಟರೆ ಏನೂ ಕೇಳಲಿಲ್ಲ. ಆಮೇಲೆ, "ಪುಟ್ಟಿ, ನೀನು ಈಗ ನಿಂತ್ಕೊಂಡು ಮಾತಾಡ್ತಿದ್ದೀಯೋ, ಮಲ್ಕೊಂಡೋ?" ಅಂದರು. ನಿಂತ್ಕೊಂಡೇ ಅಂದೆ. "ಹಂಗಾದ್ರೆ ಊಟ ಮಾಡು" ಅಂದು ಫೋನ್ ಇಟ್ಟರು.

ಮತ್ತೆ ಹಾರಲು ಒಪ್ಪಿಗೆ ಸಿಗಲು ವಾರಗಳೇ ಹಿಡಿದವು. ಸಿಕ್ಕ ದಿನ ನನ್ನ ಇನ್‌ಸ್ಟ್ರಕ್ಟರ್ ಸರ್ ಪಕ್ಕದಲ್ಲಿ ಕೂತು ಒಂದು ಗಂಟೆ ಸರ್ಕ್ಯೂಟ್, ಅಂದರೆ ರನ್‌ವೇ ಸುತ್ತ ಹಾರಿ ಮತ್ತೆ ಇಳಿಯಲು ಬರುವುದು, ಮಾಡಿಸಿದರು. ಎಂಟು ಸಲ ಫೈನಲ್‌ಗೆ ಬಂದೆವು. ಏಳು ಸಲ ಇನ್ನೇನು ಚಕ್ರ ತಾಗಬೇಕು ಅನ್ನುವಾಗ "ಹೋಗು ಮೇಲೆ" ಅಂದರು. ಎಂಟನೆಯದಕ್ಕೆ ಸುಮ್ಮನಿದ್ದರು. ನಾನೇ ಮುಳ್ಳು ನೋಡಿದೆ. 74. ಅವರು ಹೇಳುವ ಮುಂಚೆಯೇ ಬಲಗೈ ಮುಂದಕ್ಕೆ ಹೋಯಿತು.